ಬಲಮೂಲೆಯ ಚುಕ್ಕೆ

ಹದಿನೇಳನೇ ನಂಬರಿನ ಹಾಳೆಯ ಬಲಮೂಲೆಯಲ್ಲಿ ಪೆನ್ಸಿಲಿನ ಒಂದು ಸಣ್ಣ ಚುಕ್ಕೆ. ಇಟ್ಟವಳು ತಾನೇ, ಅನುಮಾನವಿಲ್ಲ. ನಿನ್ನೆ ಬೆಳಗಿನಿಂದ ಈ ಹಾಳೆ ತನ್ನ ಕೈಯಲ್ಲೋ ತನ್ನ ಮೇಜಿನ ಡ್ರಾಯರಿನಲ್ಲೋ ಇತ್ತು, ಇನ್ಯಾರೂ ಮುಟ್ಟಿಲ್ಲ. ಆದರೆ ಇಟ್ಟದ್ದು ನೆನಪಿಲ್ಲ. ನೊಣ ಕೂತ ಗುರುತಿರಬಹುದೇನೋ ಎಂಬ ಆಸೆಯಿಂದ ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಉಗುರಿನಿಂದ ಕೆರೆದಳು. ಸೀಸದ ಕಪ್ಪು ಉಗುರಿಗೆ ಹತ್ತಿತು. ಗಂಟೆ ಹನ್ನೆರಡೂವರೆ. ಮೂರಕ್ಕೆ ನಿರ್ದೇಶಕರು ಬಂದು ಆಯ್ಕೆಪಟ್ಟಿಗೆ ಸಹಿ ಹಾಕುತ್ತಾರೆ. ಮೂರೂವರೆಗೆ, ಕೆಳಗೆ ಹಾಲ್‌ನಲ್ಲಿ ಕಾಯುತ್ತಿರುವ ನಲವತ್ತು ಜನರನ್ನು ಒಬ್ಬೊಬ್ಬರಾಗಿ ಕರೆದು, ಕೆಲಸ ಸಿಕ್ಕಿತೋ ಇಲ್ಲವೋ, ಸಿಗದಿದ್ದರೆ ಯಾಕೆ ಸಿಗಲಿಲ್ಲ ಎಂದು ಎದುರಿಗೆ ಕೂತು ಹೇಳಬೇಕು. ಹಾಗೆ ಕಾರಣ ಹೇಳಿಯೇ ಕಳಿಸಬೇಕೆಂದು ನಿಯಮ ಮಾಡಿದವಳೂ ತಾನೇ. ವರ್ಕ್‌ಶಾಪಿನ ಮುಖ್ಯಸ್ಥರು ಹತ್ತು ನಿಮಿಷದ ಹಿಂದೆ ಬಾಗಿಲಲ್ಲಿ ತಲೆಹಾಕಿ ಕೇಳದಿದ್ದರೆ ಅವಳು ಈ ಹಾಳೆಯನ್ನು ಮತ್ತೆ ತೆಗೆಯುತ್ತಲೂ ಇರಲಿಲ್ಲ. ಸಾಮಾನ್ಯ ಕೆಲಸಗಾರನಾಗಿ ಸೇರಿ ಮೇಲೆ ಬಂದವರಾದ್ದರಿಂದ ಇಡೀ ಕಂಪನಿ ಅವರನ್ನು ಇವತ್ತಿಗೂ ಮೇಸ್ತ್ರಿ ಎಂದೇ ಕರೆಯುತ್ತದೆ. "ಹದಿನೇಳು ಯಾಕಮ್ಮ ಪಟ್ಟಿಯಲ್ಲಿಲ್ಲ? ಅದರ ಕೈ ನೋಡಿದ್ರಾ ನೀವು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಊಟಕ್ಕೆ ಹೋಗಿದ್ದರು.

ಚುಕ್ಕೆ ಇಡುವುದನ್ನು ಅವಳಿಗೆ ಕಲಿಸಿದವರು ಸಾಹೇಬರು, ಇಪ್ಪತ್ತೆರಡು ವರ್ಷದ ಹಿಂದೆ, ಇದೇ ಮಹಡಿಯಲ್ಲಿ. ಲಿಫ್ಟ್ ತಯಾರಿಸುವ ಈ ಕಂಪನಿಗೆ ಹೊಸಬರನ್ನು ಆರಿಸುವ ಕೆಲಸ ಆಗ ಅವರದು. ವರ್ಷಕ್ಕೊಮ್ಮೆ ಅದೇ ನಾಲ್ಕು ಕಾಲೇಜು, ಅದೇ ನಾಲ್ಕು ಪ್ರಿನ್ಸಿಪಾಲರು, ಅದೇ ಬಿಸ್ಕತ್ತು. "ಬಾಯಿಬಿಟ್ಟು ಏನೂ ಹೇಳಬಾರದು ಕಣಮ್ಮ. ನಮ್ಮವರ ಜೊತೆ ಹೊಂದಿಕೊಳ್ಳೋಲ್ಲ ಅನ್ನಿಸ್ತೋ, ಬಲಮೂಲೇಲಿ ಒಂದು ಚುಕ್ಕೆ ಇಡು. ಪೆನ್ಸಿಲ್ ಮೆತ್ತಗಿರಲಿ. ನಾಳೆ ಯಾರಾದ್ರೂ ಕೇಳಿದ್ರೆ ಚುಕ್ಕೆ ಅಳಿಸಬಹುದು, ಮಾತು ಅಳಿಸೋಕಾಗಲ್ಲ." ಕೂರುವ ಮೊದಲು ಕುರ್ಚಿ ಒರೆಸಿದವನಿಗೆ ಚುಕ್ಕೆ. ಸಾರ್ ಎಂದು ಹೆಚ್ಚು ಸಲ ಅಂದವನಿಗೂ, ಒಂದು ಸಲವೂ ಅನ್ನದವನಿಗೂ ಚುಕ್ಕೆ. ಕಿವಿಗೆ ಯಂತ್ರ ಹಾಕಿಕೊಂಡು ಬಂದಿದ್ದ ಒಬ್ಬನಿಗೆ ಅವಳು ಚುಕ್ಕೆ ಇಟ್ಟಿದ್ದಳು, ಇಟ್ಟು ಸಾಹೇಬರ ಮುಖ ನೋಡಿದ್ದಳು, ಅವರು ಕಣ್ಣಲ್ಲೇ ಭೇಷ್ ಎಂದಿದ್ದರು. ಆ ಭೇಷ್‌ನಿಂದ ಅವತ್ತು ಎಷ್ಟು ಸಂತೋಷವಾಗಿತ್ತು ಎಂಬುದು ನೆನಪಾದರೆ ಇವತ್ತಿಗೂ ಅವಳಿಗೆ ಮೈಯೆಲ್ಲ ಮುದುಡಿದಂತಾಗುತ್ತದೆ. ಇನ್ನು ತನಗೆ ಯಾಕೆ ಚುಕ್ಕೆ ಬೀಳಲಿಲ್ಲ ಎಂಬುದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಸಾಹೇಬರು ನಿವೃತ್ತರಾಗುವ ದಿನ. "ನೀನು ಬಾಗಿಲಿನಿಂದ ಕುರ್ಚಿವರೆಗೆ ನಡೆದು ಬಂದ ಠೀವಿ ನೋಡಿಯೇ ನಿರ್ಧಾರ ಮಾಡಿಬಿಟ್ಟೆ, ಎಷ್ಟು ಗಂಭೀರವಾದ ಹುಡುಗಿ ಅಂತ" ಎಂದಿದ್ದರು. ಅವಳು ಅವತ್ತು ಹಾಕಿಕೊಂಡದ್ದು ಅಕ್ಕನ ಚಪ್ಪಲಿ, ಒಂದು ಅಳತೆ ದೊಡ್ಡದು. ಪಟಪಟ ಸದ್ದಾಗದಿರಲಿ ಎಂದು ಬೆರಳುಗಳಿಂದ ಗಟ್ಟಿಯಾಗಿ ಹಿಡಿದುಕೊಂಡು ನಿಧಾನಕ್ಕೆ ಹೆಜ್ಜೆಯಿಟ್ಟಿದ್ದಳು. ಇಪ್ಪತ್ತೆರಡು ವರ್ಷದ ನೌಕರಿ ನಿಂತಿರುವುದು ಅಷ್ಟರ ಮೇಲೆ.

ಅದಕ್ಕೇ ಈ ಯೋಜನೆ. ಹದಿನಾಲ್ಕು ತಿಂಗಳು ಅವಳು ಬೇರೆ ಯಾವುದನ್ನೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಅರ್ಜಿಯಿಂದ ಫೋಟೋ ಕಿತ್ತಳು, ಹೆಸರು ಕಿತ್ತಳು, ತಂದೆಯ ಉದ್ಯೋಗ ಕಿತ್ತಳು, ಕಾಲೇಜಿನ ಹೆಸರನ್ನೂ ಕಿತ್ತಳು. ಉಳಿದದ್ದು ಒಂದು ನಂಬರು. ಯಾವ ನಂಬರು ಯಾರದು ಎನ್ನುವ ಪುಸ್ತಕ ಗುಮಾಸ್ತೆಯ ಬೀರುವಿನಲ್ಲಿ ಭದ್ರ. ಕಂಪನಿಯವರು ಎಂದೂ ಕಾಲಿಡದ ಊರುಗಳ ಕಾಲೇಜುಗಳಿಗೆ ಹೋದಳು. ಸಂಜೆ ಕಾಲೇಜುಗಳ ವರಾಂಡದಲ್ಲಿ, ಹಗಲಿನ ಕೆಲಸದಿಂದ ನೇರ ಬಂದವರ ನಡುವೆ ನಿಂತು, ಲಿಫ್ಟಿನ ಕೆಲಸ ಅಂದರೇನು ಎಂದು ಗಂಟಲು ಹರಿಯುವಷ್ಟು ವಿವರಿಸಿದಳು. ಕಣ್ಣು ಮಂದವಿರುವವರಿಗೆ ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಕಿವಿ ಕೇಳದ ಇಬ್ಬರಿಗಾಗಿ ಸನ್ನೆಯಲ್ಲಿ ಹೇಳುವ ದುಭಾಷಿ, ಮೆಟ್ಟಿಲಿಲ್ಲದ ಹಾಲ್. ಗುಂಪು ಚರ್ಚೆ ಎಂಬ ಕಿರುಚಾಟವನ್ನು ತೆಗೆದು ಹಾಕಿ, ಅದರ ಬದಲು ವರ್ಕ್‌ಶಾಪಿನಲ್ಲಿ ಕೈಯಾರೆ ಒಂದು ಕೆಲಸ. ಚೆನ್ನಾಗಿ ಕಟ್ಟಿದ್ದಳು. ಅದರಲ್ಲಿ ಅವಳಿಗೆ ಸಂಕೋಚವಿಲ್ಲ, ವಿನಯವಿದೆ ಎಂದು ನಟಿಸುವುದೂ ಅವಳಿಗೆ ಬರುವುದಿಲ್ಲ. ಈ ಊರಿನಲ್ಲಿ ಇನ್ನು ಹತ್ತು ಕಂಪನಿಗಳು ಇದನ್ನು ನೋಡಿ ಕಾಪಿ ಹೊಡೆಯುತ್ತವೆ, ಹೊಡೆಯಲಿ ಎಂದೇ ಅವಳ ಆಸೆ. ನಿರ್ದೇಶಕರು ಮಾತ್ರ ಒಂದು ವರ್ಷದ ಮಟ್ಟಿಗೆ ಎಂದು ಒಪ್ಪಿದ್ದರು. ಇವತ್ತಿನ ಪಟ್ಟಿ ನೋಡಿ ಎರಡನೇ ವರ್ಷದ ಮಾತು.

ಮೇಸ್ತ್ರಿ ಊಟ ಮುಗಿಸಿ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಬಂದರು. ಹಿಂದೆಯೇ ಆಯ್ಕೆ ಸಮಿತಿಯ ಮೂರನೆಯವಳು, ಚಿಕ್ಕ ವಯಸ್ಸಿನ ಇಂಜಿನಿಯರು. ಮಾತಿಗೊಮ್ಮೆ ಹೊತ್ತು ನೋಡುವ ಅವಳಿಗೆ ಮೇಸ್ತ್ರಿ ಇಟ್ಟ ಹೆಸರು ಗಡಿಯಾರ. "ಮೂರು ನಿಮಿಷ ಹತ್ತು ಸೆಕೆಂಡು" ಎಂದಳು ಗಡಿಯಾರ, ಕೂರುವ ಮೊದಲೇ. "ಹದಿನೇಳು ತೊಗೊಂಡ ಟೈಮು. ಬೇರೆಯವರೆಲ್ಲ ಹತ್ತರ ಮೇಲೆ." ಕೆಲಸ ಇಷ್ಟು: ಲಿಫ್ಟಿನ ಬಾಗಿಲು ಮುಚ್ಚಲು ಬಂದು, ಯಾರೋ ಅಡ್ಡ ನಿಂತಂತೆ ಮತ್ತೆ ತೆರೆದುಕೊಳ್ಳುತ್ತದೆ. ಯಾಕೆ? ಮೇಸ್ತ್ರಿ ಹೊಸ್ತಿಲಿನ ಸಂದಿಯಲ್ಲಿ ಬೆರಳುಗುರಿನಷ್ಟು ರಬ್ಬರು ತುರುಕಿಟ್ಟಿದ್ದರು. "ಎಲ್ಲರೂ ಮೊದಲು ವೈರಿನ ಪೆಟ್ಟಿಗೆ ಬಿಚ್ಚೋರೇ" ಎಂದರು ಅವರು. "ಈ ಹುಡುಗಿ ಬಂದವಳೇ ಮಂಡಿಯೂರಿ ಕೂತು ಸಂದಿಯಲ್ಲಿ ಬೆರಳಾಡಿಸಿದಳು. ಇದನ್ನ ಯಾರಮ್ಮ ಕಲಿಸಿದ್ದು ಅಂದೆ. ಹಗಲೆಲ್ಲ ಹೊಲಿಗೆ ಯಂತ್ರ ರಿಪೇರಿ ಮಾಡ್ತೀನಿ, ಅದರಲ್ಲೂ ಹೀಗೇ ದಾರದ ತುಂಡು ಸಿಕ್ಕಿಕೊಂಡಿರುತ್ತೆ ಅಂದಳು. ಅಂಥವಳು ಹೆಂಗಮ್ಮ ಇಪ್ಪತ್ತೊಂದನೇ ಸ್ಥಾನಕ್ಕೆ ಹೋದಳು? ನಮಗೆ ಬೇಕಾಗಿರೋದು ಹದಿನೆಂಟು ಜನ."

"ಕೊನೇ ಪ್ರಶ್ನೆಗೆ ಸೊನ್ನೆ" ಎಂದಳು ಅವಳು. ತನ್ನ ದನಿ ಸಾಹೇಬರ ದನಿಯಂತೆ ಸಪಾಟಾಗಿ ಹೊರಟದ್ದು ತನಗೇ ಕೇಳಿಸಿತು. "ಇನ್ನೂ ಹತ್ತು ಜನರಿಗೆ ಸೊನ್ನೆ ಬಂದಿದೆ. ಅವರೆಲ್ಲ ಪೂರ್ತಿ ಖಾಲಿ ಬಿಟ್ಟಿದ್ದಾರೆ." ಗಡಿಯಾರ ಪಟ್ಟಿ ಎಳೆದುಕೊಂಡು ಬೆರಳಿಟ್ಟು ನೋಡುತ್ತ ಹೋದಳು. ಆ ಹನ್ನೊಂದರಲ್ಲಿ ಏಳು ಜನ ಕೈಕೆಲಸದಲ್ಲಿ ಮೊದಲ ಹತ್ತರೊಳಗೆ ಇದ್ದಾರೆ ಎಂದಳು, ಪಟ್ಟಿಗೆ ಬಂದದ್ದು ಒಬ್ಬರೇ ಎಂದಳು. ಆಮೇಲೆ ಇವಳ ಮುಖ ನೋಡಿದಳು. ಚಿಕ್ಕವರು ದೊಡ್ಡವರ ತಪ್ಪು ಕಂಡಾಗ ನೋಡುತ್ತಾರಲ್ಲ, ಹಾಗೆ, ನೀವೇ ಹೇಳಿಬಿಡಿ ಎನ್ನುವಂತೆ.

ಅಷ್ಟರಲ್ಲಿ ಎಲ್ಲ ನೆನಪಾಗಿತ್ತು. ನಿನ್ನೆ ಬೆಳಿಗ್ಗೆ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ಹಂಚಿ, ಒಬ್ಬೊಬ್ಬರಿಗೆ ಒಂದರಂತೆ ಅಂಕ ಹಾಕುವ ಹಾಳೆಗಳ ಕಟ್ಟನ್ನು ಎದೆಗೊತ್ತಿಕೊಂಡು ಸಾಲುಗಳ ನಡುವೆ ನಡೆಯುತ್ತಿದ್ದಳು. ನಲವತ್ತು ತಲೆಗಳು ಬಗ್ಗಿ ಬರೆಯುವ ಸದ್ದು, ಅಬ್ಬ, ಹದಿನಾಲ್ಕು ತಿಂಗಳಿಗೆ ಸಿಕ್ಕ ಸುಖ. ಆಗ ಒಬ್ಬಳು ಎದ್ದು ನಿಂತಳು, ಮೇಜಿಗೆ ಅಂಟಿಸಿದ ಚೀಟಿಯಲ್ಲಿ ಹದಿನೇಳು. ತೋಳು ಮಡಚಿದ ಸಡಿಲ ಅಂಗಿ, ಬೆರಳ ಸಂದಿಯಲ್ಲಿ ತೊಳೆದರೂ ಹೋಗದ ಎಣ್ಣೆಗಪ್ಪು. "ಮೇಡಂ, ಕೊನೇ ಪ್ರಶ್ನೆ, ಕಾಲೇಜಿನಲ್ಲಿ ನೀವು ಮುಂದಾಳಾಗಿ ನಡೆಸಿದ ಒಂದು ತಂಡದ ಬಗ್ಗೆ ಬರೆಯಿರಿ ಅಂತಿದೆ. ನಮ್ಮದು ಸಂಜೆ ಕಾಲೇಜು. ಆರಕ್ಕೆ ಬರ್ತೀವಿ, ಒಂಬತ್ತಕ್ಕೆ ಬಸ್ ಹಿಡೀತೀವಿ. ತಂಡ ಗಿಂಡ ಏನೂ ಇರಲ್ಲ. ನಾವೇನು ಬರೀಬೇಕು?" ಯಾರೋ ಕಿಸಕ್ಕನೆ ನಕ್ಕರು. ಬಾಗಿಲ ಬಳಿ ನಿರ್ದೇಶಕರ ಕಾರ್ಯದರ್ಶಿ ಫೋಟೋ ತೆಗೆಯಲು ಬಂದು ನಿಂತಿದ್ದ. ಅವಳೂ ನಕ್ಕಳು, "ನಿಮಗೆ ತೋಚಿದ್ದು ಬರೀರಿ" ಎಂದಳು, ಹುಡುಗಿ ಕೂತಳು. ಅಷ್ಟೇ ನಡೆದದ್ದು. ನಗುತ್ತಿದ್ದಾಗಲೇ ಕೈ ತನ್ನ ಪಾಡಿಗೆ ತಾನು ಹಾಳೆ ಮಗುಚಿ, ಹದಿನೇಳನ್ನು ಹುಡುಕಿ, ಬಲಮೂಲೆಗೆ ಹೋಗಿತ್ತು. ರಾತ್ರಿಯ ಊಟಕ್ಕೆ ಮುಂಚೆ ಉತ್ತರಗಳನ್ನು ತಿದ್ದುವಾಗ, ಎರಡು ಸಾಲು ಓದಿದ್ದಳು: ನಾನು ಯಾವ ತಂಡದ ಮುಂದಾಳೂ ಆಗಿರಲಿಲ್ಲ. ನನ್ನ ಜೊತೆ ಕೆಲಸ ಮಾಡುವವನು ಒಬ್ಬನೇ, ಅವನು ನನಗಿಂತ ಹಿರಿಯ. ಇಪ್ಪತ್ತಕ್ಕೆ ಸೊನ್ನೆ ಹಾಕಿ, ಸರಿಯಾಗಿದೆ ಎಂದುಕೊಂಡು, ನೆಮ್ಮದಿಯಾಗಿ ಊಟ ಮಾಡಿದ್ದಳು.

ಹಳೆಯ ಪ್ರಶ್ನೆಗಳನ್ನೆಲ್ಲ ಕಿತ್ತೆಸೆದವಳು ಆ ಒಂದನ್ನು ಯಾಕೆ ಉಳಿಸಿಕೊಂಡಳು ಎಂದು ಯಾರಾದರೂ ಕೇಳಿದರೆ ಉತ್ತರ ನಾಚಿಕೆಗೇಡು. ಅದು ಅವಳು ಬರೆದ ಮೊದಲ ಪ್ರಶ್ನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಬರೆದದ್ದು, ಸಾಹೇಬರು ಎಲ್ಲರೆದುರು ಗಟ್ಟಿಯಾಗಿ ಓದಿ ಹೊಗಳಿದ್ದು. ಮುದ್ದಿನ ಮಗುವಿನಂತೆ ಅದನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಈ ಯೋಜನೆಯ ಹೊಸ ಮನೆಗೂ ತಂದಿದ್ದಳು. ಇದಕ್ಕಿಂತ ದೊಡ್ಡ ನಾಚಿಕೆ ಬೇರೆ ಇದೆ: ತಾನು ಕಾಲೇಜಿನಲ್ಲಿ ಯಾವ ತಂಡವನ್ನೂ ನಡೆಸಿರಲಿಲ್ಲ. ಬಿಡುವಿನ ಹೊತ್ತಿನಲ್ಲಿ ಯಾರೂ ಮಾತಾಡಿಸದಿರಲಿ ಎಂದು ಗ್ರಂಥಾಲಯದ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಈ ಪ್ರಶ್ನೆ ತನ್ನ ಮುಂದೆ ಬಂದಿದ್ದರೆ ಅಚ್ಚುಕಟ್ಟಾದ ಒಂದು ಸುಳ್ಳು ಬರೆದು ಇಪ್ಪತ್ತಕ್ಕೆ ಹದಿನಾರು ತೆಗೆಯುತ್ತಿದ್ದಳು. ಹುಡುಗಿಗೆ ಸುಳ್ಳು ಹೇಳಲು ಬರಲಿಲ್ಲ, ಅಥವಾ ಬಂದರೂ ಹೇಳಲಿಲ್ಲ.

ಒಂದು ಗಂಟೆಗೆ ಅಕ್ಕನ ಫೋನು. ಆಸ್ಪತ್ರೆಯಲ್ಲಿ ನರ್ಸು, ಬೆಳಗಿನ ಪಾಳಿ ಮುಗಿಸಿ ದಿನವೂ ಈ ಹೊತ್ತಿಗೆ ಮಾಡುತ್ತಾಳೆ, ಬಸ್ಸು ಬರುವ ತನಕ ಹರಟೆ. ಅವಳು ವರಾಂಡಕ್ಕೆ ಹೋಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅಕ್ಕ ಸಮಾಧಾನ ಮಾಡುವ ಪೈಕಿಯಲ್ಲ. "ನಕ್ಕೆ ಅಂತೀಯಲ್ಲ, ಅಲ್ಲೇ ನಂಗೆ ಗೊತ್ತಾಯ್ತು" ಎಂದಳು. "ಚಿಕ್ಕೋಳಿದ್ದಾಗಿಂದ ನೀನು ಹಾಗೇ ಕಣೆ. ಯಾರಾದ್ರೂ ನಿನ್ನ ತಪ್ಪು ಎತ್ತಿ ತೋರಿಸಿದ್ರೆ ಹಲ್ಲುಬಿಟ್ಟು ನಗ್ತಿದ್ದೆ. ನೀನು ಅತ್ರೆ ಅಮ್ಮ ತಲೆ ಕೆಡಿಸಿಕೊಳ್ತಿರಲಿಲ್ಲ, ನಕ್ಕರೆ ಹೆದರ್ತಿದ್ದಳು." ಅವಳು ಗೋಡೆಗೆ ಒರಗಿದಳು. ಕೋಪ ಬಂತು, ಆಮೇಲೆ ಕೋಪ ಬಂದದ್ದಕ್ಕೇ ನಗು ಬಂತು, ಈ ಸಲದ್ದು ಬೇರೆ ನಗು. "ಈಗೇನು ಮಾಡ್ಲಿ ಹೇಳು" ಎಂದಳು. "ನನ್ನೇನು ಕೇಳ್ತೀಯ? ನಾವು ತಪ್ಪು ಔಷಧಿ ಕೊಟ್ರೆ ಪುಸ್ತಕದಲ್ಲಿ ಬರೀತೀವಪ್ಪ, ಯಾರು ಕೊಟ್ಟಿದ್ದು, ಎಷ್ಟು ಗಂಟೆಗೆ ಅಂತ. ಬರೀದೆ ಇದ್ರೆ ಮುಂದಿನ ಪಾಳಿಯವರು ಅದನ್ನೇ ಮತ್ತೆ ಕೊಡ್ತಾರೆ. ಬಸ್ ಬಂತು, ಇಡ್ತೀನಿ."

ಒಳಗೆ ಬಂದಾಗ ಮೇಸ್ತ್ರಿ ಉಪಾಯ ಹೂಡಿಯಾಗಿತ್ತು. "ಆ ಪ್ರಶ್ನೆ ಬಿಟ್ಟು ಎಂಬತ್ತಕ್ಕೆ ಕೂಡಿಸಿಬಿಡೋಣ. ಮೊದಲೇ ಎಂಬತ್ತಕ್ಕೆ ಇತ್ತು ಅಂದ್ರಾಯ್ತು. ಯಾರಿಗೆ ಗೊತ್ತಾಗುತ್ತೆ?" ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೆನ್ಸಿಲ್ ಅಳಿಸುವ ರಬ್ಬರು ಮೇಜಿನ ಮೇಲೇ ಇತ್ತು. ಚುಕ್ಕೆ ಒರೆಸಿ, ಅಂಕ ತಿದ್ದಿ, ಹದಿನೇಳಕ್ಕೆ ಕೆಲಸ ಕೊಟ್ಟು, ಎರಡನೇ ವರ್ಷವನ್ನೂ ಗೆದ್ದುಕೊಂಡು ಮನೆಗೆ ಹೋಗಬಹುದಿತ್ತು. ಎಲ್ಲರಿಗೂ ಒಳ್ಳೆಯದೇ. ಅವಳು ನಿಜವಾಗಿಯೂ ಒಂದು ನಿಮಿಷ ಆ ದಾರಿಯನ್ನು ನೋಡುತ್ತ ನಿಂತಳು, ನೀಟಾಗಿತ್ತು. ಆದರೆ ಚುಕ್ಕೆಯ ವಿದ್ಯೆಯೂ ಅದೇ ಅಲ್ಲವೇ, ಇಟ್ಟದ್ದೂ ಗೊತ್ತಾಗಬಾರದು, ಅಳಿಸಿದ್ದೂ ಗೊತ್ತಾಗಬಾರದು. ಅಂಕಪಟ್ಟಿ ಬೆಳಿಗ್ಗೆಯೇ ನಿರ್ದೇಶಕರಿಗೆ ಹೋಗಿತ್ತು, ಅವರು ಇನ್ನೂ ಬಿಚ್ಚಿ ನೋಡಿರಲಾರರು ನಿಜ. ಆದರೆ ಹೋದ ಮೇಲೆ ಏನೇ ಬದಲಾದರೂ ಯಾಕೆ, ಯಾರಿಂದ ಎಂದು ಬರೆದುಕೊಡಬೇಕು ಎಂದು ಯೋಜನೆಯಲ್ಲಿ ಬರೆದವಳು ತಾನು. ಬೇರೆಯವರನ್ನು ಕಟ್ಟಿಹಾಕಲು ಮಾಡಿದ ನಿಯಮ ತನ್ನ ಕಾಲಿಗೇ ತೊಡರಿಕೊಂಡಿತಲ್ಲ ಎಂದು ಅವಳಿಗೆ ಒಂದು ಬಗೆಯ ಹೆಮ್ಮೆಯೂ ಆಯಿತು. ಗಟ್ಟಿಯಾಗಿಯೇ ಮಾಡಿದ್ದೇನೆ. "ಹೊಸದಾಗಿ ಕೂಡಿಸಿ, ನೀವಿಬ್ಬರೇ" ಎಂದಳು. "ನಾನು ಮುಟ್ಟಲ್ಲ."

ಮೂರಕ್ಕೆ ನಿರ್ದೇಶಕರು ಬಂದರು. ಅವಳು ಹದಿನೇಳನೇ ಹಾಳೆಯನ್ನು ಅವರ ಮುಂದೆ ಇಟ್ಟು, ಚುಕ್ಕೆ ತೋರಿಸಿ, ಅದು ಏನು, ಯಾಕೆ ಬಂತು, ಪ್ರಶ್ನೆಯಲ್ಲಿ ಏನು ತಪ್ಪಿತ್ತು, ಯಾರಿಗೆ ಪೆಟ್ಟು ಬಿತ್ತು ಎಂದು ಸುತ್ತುಬಳಸದೆ ಹೇಳಿದಳು. ಅವರು ಕನ್ನಡಕ ತೆಗೆದು ಮೂಗು ಒತ್ತಿಕೊಂಡರು. "ಅಳಿಸಿಬಿಡಿ, ಮುಗೀತು. ಮೊದಲನೇ ವರ್ಷಾನೇ ತಪ್ಪಾಯ್ತು ಅಂತ ನೀವೇ ಕೈಯಾರೆ ಬರೆದುಕೊಟ್ರೆ ಮೇಲಿನವರು ಎರಡನೇ ವರ್ಷ ಕೊಡ್ತಾರಾ?"

"ಕೊಡ್ತಾರೆ ಸರ್. ತಪ್ಪು ಹಿಡಿದಿದ್ದೂ ಇದೇ ಯೋಜನೆ. ಹಳೇ ಪದ್ಧತಿಯಲ್ಲಿ ಆ ಪ್ರಶ್ನೆ ಇಪ್ಪತ್ತು ವರ್ಷ ಇತ್ತು, ಒಬ್ಬರೂ ಎದ್ದು ಕೇಳಲಿಲ್ಲ. ಕೇಳೋರನ್ನ ನಾವು ಹಾಲ್ ಒಳಗೇ ಬಿಟ್ಟಿರಲಿಲ್ಲ."

ಮೇಸ್ತ್ರಿ ಕೆಮ್ಮಿದರು. ನಿರ್ದೇಶಕರು ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಹೊಸ ಪಟ್ಟಿಯಲ್ಲಿ ಆರು ಜನ ಮೇಲೆ ಬಂದಿದ್ದರು, ಹದಿನೇಳು ನಾಲ್ಕನೇ ಸ್ಥಾನದಲ್ಲಿದ್ದಳು. ಆರು ಜನ ಕೆಳಗಿಳಿದಿದ್ದರು. ಆಟದ ತಂಡ, ನಾಟಕದ ತಂಡ ಎಂದು ಚೆಂದವಾಗಿ ಬರೆದವರು. ಅವರ ತಪ್ಪೂ ಏನಿಲ್ಲ, ಕೇಳಿದ್ದಕ್ಕೆ ಉತ್ತರ ಬರೆದಿದ್ದರು. ಅದೂ ತನ್ನ ಲೆಕ್ಕಕ್ಕೇ ಎಂದು ಅವಳಿಗೆ ಅನ್ನಿಸಿತು. "ಸಹಿ ಹಾಕ್ತೀನಿ" ಎಂದರು ನಿರ್ದೇಶಕರು ಕೊನೆಗೆ. "ಎರಡನೇ ವರ್ಷಕ್ಕೂ ಹೇಳಿನೋಡ್ತೀನಿ. ಆದ್ರೆ ಸಮಿತಿಗೆ ನೀವು ಮುಖ್ಯಸ್ಥೆ ಆಗಿರೋದು ಕಷ್ಟ, ಅರ್ಥ ಆಗುತ್ತಲ್ಲ? ಪಟ್ಟಿಗೆ ಸಹಿ ಇವರಿಬ್ಬರದ್ದೇ ಇರಲಿ. ಮುಂದಕ್ಕೆ ಈಕೆ ನೋಡಿಕೊಳ್ಳಲಿ." ಗಡಿಯಾರ ಬೆಚ್ಚಿಬಿದ್ದಳು. ಅರ್ಥವಾಗುತ್ತದೆ ಎಂದು ಇವಳು ತಲೆಯಾಡಿಸಿದಳು, ಅರ್ಥವೂ ಆಗಿತ್ತು. ನೋವೂ ಆಯಿತು, ಚೆನ್ನಾಗಿಯೇ ಆಯಿತು. ಹದಿನಾಲ್ಕು ತಿಂಗಳು ಕಟ್ಟಿದ ಪಟ್ಟಿಯ ಕೆಳಗೆ ಇನ್ನಿಬ್ಬರು ಸಹಿ ಹಾಕುವುದನ್ನು ನಿಂತು ನೋಡುವುದೆಂದರೆ ಮಾತಲ್ಲ. ತಾನು ಸಹಿ ಹಾಕಿದ್ದು ಇನ್ನೊಂದು ಹಾಳೆಗೆ, ಬದಲಾವಣೆಯ ಕಾರಣ ಎಂಬಲ್ಲಿ. ಪೆನ್ನಿನಲ್ಲಿ ಬರೆದಳು.

ಕೆಳಗೆ ಹಾಲ್‌ನ ಹೊರಗಿನ ಓಣಿಗೆ ಹದಿನೇಳನ್ನು ಮೊದಲು ಕರೆಸಿದಳು. ನಿನ್ನೆಯದೇ ಅಂಗಿ. ಒಗೆದು ಇಸ್ತ್ರಿ ಮಾಡಿದ್ದಾಳೆ, ಕಾಲರಿನ ಅಂಚು ಇನ್ನೂ ಸ್ವಲ್ಪ ತೇವ. ನಿಮ್ಮನ್ನು ಆರಿಸಿದ್ದೇವೆ ಎಂದಾಗ ಹುಡುಗಿ ಒಂದು ಕೈಯಿಂದ ಗೋಡೆ ಹಿಡಿದುಕೊಂಡಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ಮುಂದುವರಿಸಿ, ಚುಕ್ಕೆಯ ವಿಷಯವನ್ನೂ ಹೇಳಿದಳು.

"ಗೊತ್ತು ಮೇಡಂ" ಎಂದಳು ಹುಡುಗಿ. "ನೋಡಿದೆ. ನೀವು ನಗ್ತಾ ಏನೋ ಬರೆದುಕೊಂಡ್ರಿ. ಮುಗೀತು ಕಥೆ ಅಂದುಕೊಂಡೆ."

"ಮತ್ತೆ ಎದ್ದು ಹೋಗ್ಲಿಲ್ಲ?"

"ರಜೆ ಹಾಕಿಯಾಗಿತ್ತು. ಲಿಫ್ಟ್ ಬಾಗಿಲು ಹತ್ತಿರದಿಂದ ನೋಡೇ ಇರಲಿಲ್ಲ ನಾನು. ಅದನ್ನಾದ್ರೂ ಬಿಚ್ಚಿ ನೋಡಿ ಹೋಗೋಣ ಅಂತ."

"ನನ್ನಿಂದ ತಪ್ಪಾಯ್ತು" ಎಂದಳು ಅವಳು. ಪರವಾಗಿಲ್ಲ ಎನ್ನುತ್ತಾಳೆ ಎಂದು ಕಾದಳು. ಎಲ್ಲರೂ ಹಾಗನ್ನುತ್ತಾರೆ, ಅಂದ ಮೇಲೆ ಮನಸ್ಸು ಹಗುರವಾಗುತ್ತದೆ. ಹುಡುಗಿ ಹೂಂ ಎಂದಳು. ಆಮೇಲೆ, "ಇನ್ನೂ ಹತ್ತು ಜನ ಖಾಲಿ ಬಿಟ್ಟಿದ್ರು. ನಿನ್ನೆ ಬಸ್‌ಸ್ಟಾಪಲ್ಲಿ ಎಲ್ಲರೂ ತಮ್ಮದೇ ತಪ್ಪು ಅಂದುಕೊಳ್ತಿದ್ರು. ಅದರಲ್ಲೊಬ್ಬ ಅತ್ತೂಬಿಟ್ಟ. ಅವರಿಗೂ ಹೇಳ್ತೀರಾ?" ಎಂದಳು. ಆ ಹತ್ತರಲ್ಲಿ ನಾಲ್ವರಿಗೆ ಈಗಲೂ ಕೆಲಸವಿರಲಿಲ್ಲ. ಅವರಿಗೆ ಹೇಳಬೇಕಾದ ಕಾರಣ ಬೇರೆಯೇ ಇತ್ತು, ಈ ಪ್ರಶ್ನೆಯ ಮಾತೆತ್ತಬೇಕೆಂದು ಅವಳಿಗೆ ಹೊಳೆದೂ ಇರಲಿಲ್ಲ. "ಹೇಳ್ತೀನಿ" ಎಂದಳು. ಹುಡುಗಿ ಹೋಗಲಿಲ್ಲ. ಯಾವಾಗ ಎಂದು ಅವಳ ಕಣ್ಣು ಕೇಳುತ್ತಿತ್ತು.

ಅವಳು ಬಾಗಿಲು ದೂಡಿಕೊಂಡು ಒಳಗೆ ನಡೆದಳು. ಮೂವತ್ತೊಂಬತ್ತು ಮುಖಗಳು ಮೇಲೆದ್ದವು. ದುಭಾಷಿ ಕುರ್ಚಿ ಬಿಟ್ಟು ಮುಂದಿನ ಸಾಲಿನ ಇಬ್ಬರಿಗೆ ಕಾಣುವಂತೆ ಬದಿಗೆ ಬಂದು ನಿಂತಳು. ಬರೆದು ತಂದದ್ದು ಏನೂ ಇರಲಿಲ್ಲ. "ಫಲಿತಾಂಶಕ್ಕೆ ಮುಂಚೆ ಒಂದು ಮಾತು. ನಿನ್ನೆಯ ಕೊನೇ ಪ್ರಶ್ನೆ ತಪ್ಪಾಗಿತ್ತು. ಅದನ್ನ ತೆಗೆದು ಹಾಕಿದ್ದೀವಿ. ಖಾಲಿ ಬಿಟ್ಟವರದ್ದು ಏನೂ ತಪ್ಪಿಲ್ಲ, ಉತ್ತರ ಬರೆದವರದ್ದೂ ತಪ್ಪಿಲ್ಲ. ತಪ್ಪು..." ಮುಂದಿನ ಎರಡು ಶಬ್ದ ಬಾಯಿಂದ ಹೊರಟೇ ಇಲ್ಲವೋ, ಯಾರೋ ಕುರ್ಚಿ ಎಳೆದ ಸದ್ದಿಗೆ ಮುಳುಗಿದವೋ, ದುಭಾಷಿಯ ಕೈಗಳು ಗಾಳಿಯಲ್ಲಿ ನಿಂತುಬಿಟ್ಟವು. ದುಭಾಷಿ ತಿರುಗಿ ಮೆಲ್ಲಗೆ, ತನ್ನ ಕೆಲಸಕ್ಕೆ ಬೇಕಾದಷ್ಟನ್ನೇ ಕೇಳಿದಳು: "ತಪ್ಪು ಯಾರದು ಅಂದ್ರಿ?"

ಅವಳು ಬಲಗೈ ಎತ್ತಿ ತನ್ನ ಎದೆ ಮುಟ್ಟಿ ತೋರಿಸಿದಳು. ದುಭಾಷಿ ಸನ್ನೆ ಮಾಡುವ ಮೊದಲೇ ಮುಂದಿನ ಸಾಲಿನ ಇಬ್ಬರು ತಲೆಯಾಡಿಸಿದರು. ಹಿಂದಿನ ಸಾಲುಗಳಲ್ಲಿ ಯಾರೋ ದೀರ್ಘವಾಗಿ ಉಸಿರುಬಿಟ್ಟರು. ಕೈಯನ್ನು ಇನ್ನಷ್ಟು ಹೊತ್ತು ಅಲ್ಲೇ ಇಟ್ಟುಕೊಂಡು, ಆಮೇಲೆ ಅವಳು ಪಟ್ಟಿ ಬಿಡಿಸಿ ಒಂದನೇ ನಂಬರನ್ನು ಕರೆದಳು.